ನಾಲ್ಕು ತೆಂಗಿನಕಾಯಿಯ ಲೆಕ್ಕ

ಒಂದು ತೆಂಗಿನಕಾಯಿಗೆ 35 ಆದರೆ ನಾಲ್ಕಕ್ಕೆ ಎಷ್ಟು? ಬ್ರೆಜಿಲ್ ದೇಶದ ರೆಸೀಫೆ ನಗರದಲ್ಲಿ ತೆಂಗಿನಕಾಯಿ ಮಾರುತ್ತಿದ್ದ 12 ವರ್ಷದ ಹುಡುಗನೊಬ್ಬ ಈ ಲೆಕ್ಕವನ್ನು ಎರಡು ಸಲ ಮಾಡಿದ. ಮೊದಲ ಸಲ ಗಿರಾಕಿಯಾಗಿ ಬಂದವರು ಕೇಳಿದಾಗ ಬಾಯಲ್ಲೇ ಹೇಳಿದ: ಮೂರಕ್ಕೆ 105, ಅದಕ್ಕೆ 30 ಸೇರಿದರೆ 135, ಇನ್ನೂ ಐದು ಸೇರಿದರೆ 140. ಉತ್ತರ ಸರಿ. ಎರಡನೆಯ ಸಲ ಅವನ ಮುಂದೆ ಕಾಗದ, ಪೆನ್ಸಿಲ್ ಇಟ್ಟು 35ನ್ನು 4ರಿಂದ ಗುಣಿಸಲು ಹೇಳಿದರು. ನಾಲ್ಕೈದಲೆ ಇಪ್ಪತ್ತು, ದಶಕ ಎರಡು. ಎರಡು ಮತ್ತು ಮೂರು ಐದು. ನಾಲ್ಕೈದಲೆ ಇಪ್ಪತ್ತು ಎನ್ನುತ್ತ 200 ಎಂದು ಬರೆದ!

ತಪ್ಪು ಎಲ್ಲಾಯಿತೆಂದು ನೀವೇ ಕಂಡುಕೊಂಡಿರಬಹುದು. ಗುಣಿಸಿದ ಮೇಲೆ ಕೂಡಿಸಬೇಕಾದ ದಶಕವನ್ನು ಅವನು ಮೊದಲೇ ಕೂಡಿಸಿಬಿಟ್ಟ. ಆದರೆ ನಾವು ಕೇಳಬೇಕಾದ ಪ್ರಶ್ನೆ ಬೇರೆ. ಈ ಹುಡುಗನಿಗೆ ಲೆಕ್ಕ ಬರುತ್ತದೆಯೇ, ಇಲ್ಲವೇ?

ತೆರೆಜಿನ್ಯಾ ಕರಾಹೆರ್, ಡೇವಿಡ್ ಕರಾಹೆರ್ ಮತ್ತು ಅನಲೂಸಿಯಾ ಶ್ಲೀಮನ್ ಎಂಬ ಮನೋವಿಜ್ಞಾನಿಗಳು ಈ ಅಧ್ಯಯನವನ್ನು 1985ರಲ್ಲಿ ಪ್ರಕಟಿಸಿದರು. ಅವರು ಪರೀಕ್ಷಿಸಿದ್ದು 9ರಿಂದ 15 ವರ್ಷದ ಐದು ಮಕ್ಕಳನ್ನು ಮಾತ್ರ. ವ್ಯಾಪಾರದ ಜಾಗದಲ್ಲಿ ಕೇಳಿದ 63 ಲೆಕ್ಕಗಳಲ್ಲಿ ಶೇಕಡಾ 98ರಷ್ಟು ಸರಿಯಾಗಿದ್ದವು. ಅಂಥವೇ ಲೆಕ್ಕಗಳನ್ನು ಕಥೆಯ ರೂಪದಲ್ಲಿ ಕೊಟ್ಟಾಗ ಸರಿಯುತ್ತರಗಳು ಸುಮಾರು ಶೇಕಡಾ 74ಕ್ಕೆ ಇಳಿದವು. ಬರೀ ಅಂಕಿಗಳಾಗಿ ಕೊಟ್ಟಾಗ ಸುಮಾರು ಶೇಕಡಾ 37ಕ್ಕೆ ಕುಸಿದವು. ಮಕ್ಕಳು ಅವರೇ, ಬುದ್ಧಿಯೂ ಅದೇ. ಬದಲಾದದ್ದು ಕೇಳುವ ರೀತಿ. ಶಾಲೆಯ ಅಂಕಪಟ್ಟಿಯೊಂದನ್ನೇ ನೋಡುವವರು ಇಂಥ ಮಗುವನ್ನು ದಡ್ಡನೆಂದು ಬದಿಗಿಡುತ್ತಾರೆ. ಅಪಾಯ ಇರುವುದು ಅಲ್ಲಿಯೇ.

ಇಟ್ಟಿಗೆಯಿಂದ ಅಕ್ಷರಕ್ಕೆ

ಇದೇ ರೆಸೀಫೆಯಲ್ಲಿ 1921ರಲ್ಲಿ ಜನಿಸಿದ ಶಿಕ್ಷಣತಜ್ಞ ಪಾಲೊ ಫ್ರೇರೆ, ಈ ಅಧ್ಯಯನಕ್ಕೆ ಎರಡು ದಶಕ ಮೊದಲೇ ವಯಸ್ಕರ ಶಿಕ್ಷಣದಲ್ಲಿ ಇಂಥದೇ ಪ್ರಶ್ನೆಯನ್ನು ಎತ್ತಿದ್ದರು. ಓದು ಬರಹ ಬಾರದವನು ಏನೂ ತಿಳಿಯದವನಲ್ಲ. ಗೋಡೆ ಕಟ್ಟುವವನಿಗೆ ಇಟ್ಟಿಗೆ ಗೊತ್ತು, ಕೂಲಿ ಗೊತ್ತು, ಆ ಗೋಡೆಯೊಳಗೆ ಯಾರು ವಾಸಿಸುತ್ತಾರೆಂಬುದೂ ಗೊತ್ತು. ಪಾಠ ಅಲ್ಲಿಂದಲೇ ಏಕೆ ಆರಂಭವಾಗಬಾರದು?

ಫ್ರೇರೆ ಮತ್ತು ಅವರ ಸಂಗಡಿಗರು ಮೊದಲು ಜನರ ಮಾತನ್ನು ಆಲಿಸುತ್ತಿದ್ದರು. ಬದುಕಿಗೆ ಹತ್ತಿರವಾದ ಕೆಲವೇ ಪದಗಳನ್ನು ಆರಿಸುತ್ತಿದ್ದರು. ಅಂಥ ಒಂದು ಪದ ‘ತಿಜೊಲೊ’, ಅಂದರೆ ಇಟ್ಟಿಗೆ. ಮೊದಲು ಚಿತ್ರ ತೋರಿಸಿ ಚರ್ಚೆ, ಆಮೇಲೆ ಪದ, ಅನಂತರ ಅದರ ತುಂಡುಗಳು: ತಾ ತೆ ತಿ ತೊ ತು, ಜಾ ಜೆ ಜಿ ಜೊ ಜು, ಲಾ ಲೆ ಲಿ ಲೊ ಲು. ನಮ್ಮ ಕಾಗುಣಿತದಂತೆಯೇ ಇದೆಯಲ್ಲವೇ? ಈ ತುಂಡುಗಳನ್ನು ಜೋಡಿಸಿ ಕಲಿಯುವವರೇ ಹೊಸ ಪದಗಳನ್ನು ಮಾಡುತ್ತಿದ್ದರು: ಲೊಜಾ ಎಂದರೆ ಅಂಗಡಿ, ಜುತಾ ಎಂದರೆ ಸೆಣಬು, ಲುತಾ ಎಂದರೆ ಹೋರಾಟ.

1963ರಲ್ಲಿ ಈಶಾನ್ಯ ಬ್ರೆಜಿಲಿನ ಆಂಜಿಕೊಸ್ ಎಂಬ ಊರಿನಲ್ಲಿ ಸುಮಾರು 300 ಮಂದಿಗೆ 40 ಗಂಟೆಗಳಲ್ಲಿ ಹೀಗೆ ಓದು ಬರಹ ಕಲಿಸುವ ಪ್ರಯೋಗ ನಡೆಯಿತು. ಅದರ ಕೊನೆಯ ದಿನ ದೇಶದ ಅಧ್ಯಕ್ಷ ಜೊವಾವ್ ಗುಲಾರ್ಟ್ ಸ್ವತಃ ಬಂದಿದ್ದರು. ಇಷ್ಟು ಮಹತ್ವ ಏಕೆ? ಆಗ ಬ್ರೆಜಿಲಿನಲ್ಲಿ ಅನಕ್ಷರಸ್ಥರಿಗೆ ಮತದಾನದ ಹಕ್ಕು ಇರಲಿಲ್ಲ. ಅಕ್ಷರ ಕಲಿತವನು ಮತದಾರನಾಗುತ್ತಿದ್ದ. 1964ರಲ್ಲಿ ಸೇನೆ ಅಧಿಕಾರ ಹಿಡಿಯಿತು; ಸಾಕ್ಷರತಾ ಯೋಜನೆ ನಿಂತಿತು; ಫ್ರೇರೆ ಸುಮಾರು 70 ದಿನ ಸೆರೆಯಲ್ಲಿದ್ದು, ಬಳಿಕ ದೇಶ ಬಿಟ್ಟರು. ನೆಲೆಸಲು ಅವರು ಮರಳಿದ್ದು 1980ರಲ್ಲಿ. ಅನಕ್ಷರಸ್ಥರಿಗೆ ಮತದಾನದ ಹಕ್ಕು ದೊರೆತದ್ದು 1985ರಲ್ಲಿ.

ಪ್ರಶ್ನೆ ಕೇಳುವ ಪಾಠ

ಶಿಕ್ಷಕರು ಹಣ ಕಟ್ಟಿದಂತೆ ವಿಷಯ ತುಂಬುವುದು, ವಿದ್ಯಾರ್ಥಿಗಳು ಪರೀಕ್ಷೆಯ ದಿನ ಅದನ್ನೇ ಹಿಂತಿರುಗಿಸುವುದು: ಈ ಪದ್ಧತಿಯನ್ನು ಫ್ರೇರೆ ಬ್ಯಾಂಕಿನ ವ್ಯವಹಾರಕ್ಕೆ ಹೋಲಿಸಿದರು. ಇದಕ್ಕೆ ಬದಲಾಗಿ ಅವರು ಬಯಸಿದ್ದು ಸಂವಾದ. ಇಟ್ಟಿಗೆ ಎಂದು ಬರೆಯಲು ಕಲಿತರೆ ಸಾಲದು. ಮನೆ ಕಟ್ಟುವವನಿಗೆ ಸ್ವಂತ ಮನೆ ಏಕಿಲ್ಲ ಎಂದು ಕೇಳಲೂ ಕಲಿಯಬೇಕು. ಶಿಕ್ಷಣದ ವಿಮರ್ಶಾತ್ಮಕ ದೃಷ್ಟಿ ಎಂದರೆ ಇದೇ.

ಅಮೆರಿಕದಲ್ಲಿ ಗ್ಲೋರಿಯಾ ಲ್ಯಾಡ್ಸನ್-ಬಿಲ್ಲಿಂಗ್ಸ್ ಅವರು ಕಪ್ಪು ಜನಾಂಗದ ಮಕ್ಕಳಿಗೆ ಯಶಸ್ವಿಯಾಗಿ ಕಲಿಸುತ್ತಿದ್ದ ಶಿಕ್ಷಕಿಯರನ್ನು ಗಮನಿಸಿ, ಸಂಸ್ಕೃತಿಗೆ ಹೊಂದುವ ಬೋಧನೆಯ ಮೂರು ಅಂಗಗಳನ್ನು 1995ರಲ್ಲಿ ವಿವರಿಸಿದರು. ಮಗು ಓದಿನಲ್ಲಿ ಮುಂದೆ ಬರಬೇಕು. ತನ್ನ ಸಂಸ್ಕೃತಿಯನ್ನು ಕಳೆದುಕೊಳ್ಳಬಾರದು. ಸಮಾಜದ ಅಸಮಾನತೆಯನ್ನು ಗುರುತಿಸಿ ಪ್ರಶ್ನಿಸಬೇಕು. ಮೊದಲನೆಯ ಅಂಶವನ್ನು ಹಲವರು ಮರೆಯುತ್ತಾರೆ. ಶಾಲಾ ವಾರ್ಷಿಕೋತ್ಸವದಲ್ಲಿ ಜಾನಪದ ನೃತ್ಯ ಮಾಡಿಸಿದರೆ ಈ ಕೆಲಸ ಮುಗಿಯಿತು ಎಂದು ಭಾವಿಸುವವರೂ ಉಂಟು.

ರೆಸೀಫೆಯ ಹುಡುಗನ ಬಾಯಿಲೆಕ್ಕವನ್ನು ಹೊಗಳಿ ಅವನನ್ನು ಸಂತೆಯಲ್ಲೇ ಬಿಟ್ಟರೆ ಅದೂ ಅನ್ಯಾಯವೇ. 3,785ನ್ನು 469ರಿಂದ ಗುಣಿಸಬೇಕಾದಾಗ ಬರಹದ ಕ್ರಮ ಬೇಕೇ ಬೇಕು. ಹಾಗಾದರೆ ಶಿಕ್ಷಕರು ಮಾಡಬೇಕಾದುದೇನು? ನಾಲ್ಕನ್ನು ಅವನು ಮೂರು ಮತ್ತು ಒಂದು ಎಂದು ಒಡೆದ. ಉಳಿದ 35ನ್ನು 30 ಮತ್ತು 5 ಎಂದು ಒಡೆದ. ಸಂಖ್ಯೆಯನ್ನು ಹೀಗೆ ಒಡೆದು ಲೆಕ್ಕಮಾಡುವ ಜಾಣ್ಮೆಯೇ ಬರಹದ ಗುಣಾಕಾರದಲ್ಲೂ ಅಡಗಿದೆ: 30ರ ನಾಲ್ಕು ಪಾಲು 120, 5ರ ನಾಲ್ಕು ಪಾಲು 20, ಒಟ್ಟು 140. ಇದನ್ನು ತೋರಿಸಿಕೊಟ್ಟರೆ ‘ದಶಕ’ ಎಲ್ಲಿಂದ ಬಂತು, ಅದನ್ನು ಯಾವಾಗ ಕೂಡಿಸಬೇಕು ಎಂಬುದು ಅವನಿಗೆ ತಾನಾಗಿಯೇ ಹೊಳೆಯುತ್ತದೆ. ಗೊತ್ತಿರುವುದರಿಂದ ಗೊತ್ತಿಲ್ಲದುದಕ್ಕೆ ಸೇತುವೆ ಕಟ್ಟುವುದು ಹೀಗೆ.

ನೀವೂ ಒಂದು ಪ್ರಯೋಗ ಮಾಡಿ. ‘ನೀರು’ ಎಂಬ ಪದವನ್ನು ತೆಗೆದುಕೊಳ್ಳಿ. ನಕಾರ, ರಕಾರಗಳ ಕಾಗುಣಿತ ಬರೆಯಿರಿ. ನರ, ನಾರು, ನೂರು, ನೆರೆ, ನೇರ, ಹೀಗೆ ಎಷ್ಟು ಪದಗಳಾಗುತ್ತವೆ ನೋಡಿ. ಅನಂತರ ಗೆಳೆಯರ ಜೊತೆ ಕುಳಿತು ಚರ್ಚಿಸಿ: ನಮ್ಮ ಊರಿನಲ್ಲಿ ನಲ್ಲಿ ನೀರು ಯಾರ ಮನೆಗೆ ಬರುತ್ತದೆ? ಯಾರು ಹೊತ್ತು ತರುತ್ತಾರೆ? ಹೊತ್ತು ತರುವ ಹುಡುಗಿಗೆ ಶಾಲೆಗೆ ತಡವಾದರೆ ತಪ್ಪು ಯಾರದು? ಎರಡು ಅಕ್ಷರದ ಪದವೊಂದು ನಿಮ್ಮನ್ನು ಎಲ್ಲಿಗೆ ಕರೆದೊಯ್ಯುತ್ತದೆ ಎಂಬುದನ್ನು ನೀವೇ ಕಾಣುವಿರಿ.