ಚರ್ಮವನ್ನು ಹೊಸದಾಗಿಸುವ ಕಿರಣ

ಮೊಡವೆ ಮಾಯ್ದ ಮೇಲೆ ಉಳಿಯುವ ಕುಳಿಗಳನ್ನು ಬೆಳಕಿನಿಂದ ತಗ್ಗಿಸುವುದುಂಟು. ಬಾರಾಮತಿಯಲ್ಲಿ ಹುಟ್ಟಿದ ಕುಮಾರ್ ಪಟೇಲರು 1964ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ನಿರ್ಮಿಸಿದ ಕಾರ್ಬನ್ ಡೈ ಆಕ್ಸೈಡ್ ಲೇಸರಿನ ಅಲೆಯುದ್ದ 10.6 ಮೈಕ್ರಾನ್. ಕಣ್ಣಿಗೆ ಕಾಣದ ಈ ಕಿರಣವನ್ನು ನೀರು ಬಹುಬೇಗ ಹೀರುತ್ತದೆ; ಚರ್ಮದಲ್ಲಿರುವುದು ಬಹುಪಾಲು ನೀರೇ ಅಲ್ಲವೆ? ಆದುದರಿಂದ ಕಿರಣವು ಆಳಕ್ಕಿಳಿಯದೆ ತೆಳುವಾದ ಮೇಲ್ಪದರವನ್ನಷ್ಟೇ ಆವಿಯಾಗಿಸುತ್ತದೆ. ಕಾದ ಕಾವಲಿಯನ್ನು ಬೆರಳು ಕ್ಷಣಮಾತ್ರ ಸೋಕಿದರೆ ಬದುಕುವೆವು, ತಡೆದರೆ ಬೊಬ್ಬೆ, ಇಲ್ಲಿಯೂ ಹಾಗೆಯೇ. ಕಿರಣದ ಮಿಡಿತವು ಸುಮಾರು ಒಂದು ಮಿಲಿಸೆಕೆಂಡನ್ನು ಮೀರಿದರೆ ಶಾಖವು ಒಳಕ್ಕೆ ಹರಿದು ಹೊಸ ಕಲೆಯನ್ನೇ ಉಂಟುಮಾಡೀತು. ಗಾಯ ಮಾಯುವಾಗ ಒಳಪದರದಲ್ಲಿ ಕೊಲಾಜೆನ್ ಹೊಸದಾಗಿ ಹುಟ್ಟಿ ಕುಳಿಯು ತುಂಬತೊಡಗುತ್ತದೆ.

ನಮ್ಮಂತಹ ಕಂದುಬಣ್ಣದವರು ಮಾತ್ರ ಅವಸರಪಡಬಾರದು. ಗಾಯಗೊಂಡ ಚರ್ಮವು ಅಧಿಕವಾಗಿ ಮೆಲನಿನ್ ತಯಾರಿಸಿ ತಿಂಗಳುಗಟ್ಟಲೆ ಕಪ್ಪಾಗಿ ಉಳಿಯಬಹುದು. ಕಿರಣವನ್ನು ಚುಕ್ಕೆಚುಕ್ಕೆಯಾಗಿ ಹಾಯಿಸಿ ನಡುನಡುವೆ ಚರ್ಮವನ್ನು ಹಾಗೆಯೇ ಬಿಡುವ, 2004ರಲ್ಲಿ ಪ್ರಕಟವಾದ ವಿಧಾನದಿಂದ ಈ ಅಪಾಯವು ತಗ್ಗಿದೆ, ಅಳಿದಿಲ್ಲ.