ಹಳೆಯ ದೋಣಿ, ಹೊಸ ಬಣ್ಣ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಹೇಳಿಟ್ಟಿದ್ದಾರೆ. ನಾನಿರುವುದು ಬಾಡಿಗೆ ಮನೆ. ನನ್ನ ಮದುವೆಯ ಖರ್ಚನ್ನು ಹೊತ್ತವರು ಮಾವನವರು. ಹೀಗೆ ಎರಡು ಪರೀಕ್ಷೆಗಳಿಂದಲೂ ಪಾರಾಗಿದ್ದ ನಾನು ಮೂರನೆಯದೊಂದಕ್ಕೆ ನಾನಾಗಿಯೇ ತಲೆಯೊಡ್ಡಿದೆ. ಹಳೆಯ ಹಾಯಿದೋಣಿಯೊಂದನ್ನು ಕೊಂಡೆ.

ಹೈದರಾಬಾದಿನ ಸರಕಾರಿ ಕಚೇರಿಯಲ್ಲಿ ಕಡತಗಳ ನಡುವೆ ದಿನ ಕಳೆಯುವ ಗುಮಾಸ್ತನಿಗೆ ಈ ಗೀಳು ಹೇಗೆ ಹತ್ತಿತೆಂದು ವಾಚಕರು ಕೇಳಬಹುದು. ಉಡುಪಿಯಲ್ಲಿ ಬಿ.ಎ. ಓದುತ್ತಿದ್ದಾಗ ನಾನು ಎನ್.ಸಿ.ಸಿ.ಯ ನೌಕಾ ವಿಭಾಗದಲ್ಲಿದ್ದೆ. ಅಲ್ಲಿ ನಮಗೆ ಹಾಯಿ ಬಿಡುವುದನ್ನು ಕಲಿಸಿದ್ದು ‘ಎಂಟರ್‌ಪ್ರೈಸ್’ ಎಂಬ ಜಾತಿಯ ದೋಣಿಯಲ್ಲಿ. ಇಂಗ್ಲೆಂಡಿನ ಜ್ಯಾಕ್ ಹೋಲ್ಟ್ ಎಂಬಾತ ರೂಪಿಸಿದ ಈ ದೋಣಿ ೧೯೫೬ರಲ್ಲಿ ಬಳಕೆಗೆ ಬಂತು. ಉದ್ದ ೧೩ ಅಡಿ ೩ ಅಂಗುಲ, ನಡೆಸಲು ಇಬ್ಬರು, ಹಾಯಿಯ ಬಣ್ಣ ನೀಲಿ. ಕಾಲೇಜು ಬಿಟ್ಟು ವರ್ಷಗಳು ಕಳೆದರೂ ಆ ನೀಲಿ ಹಾಯಿ ನನ್ನ ಕಣ್ಣಿನಿಂದ ಮರೆಯಾಗಿರಲಿಲ್ಲ.

ಅಂಥದೇ ಪ್ಲೈವುಡ್ಡಿನ ದೋಣಿಯೊಂದು ಹುಸೇನ್ ಸಾಗರದ ದಡದಲ್ಲಿ, ನೌಕಾ ಸಂಘವೊಂದರ ಅಂಗಳದಲ್ಲಿ, ಟಾರ್ಪಾಲಿನ್ ಹೊದ್ದು ಮಲಗಿತ್ತು. ಒಡೆಯರಿಗೆ ಬೇರೆ ಊರಿಗೆ ವರ್ಗವಾಗಿತ್ತು. ೨೮,೦೦೦ ರೂಪಾಯಿಗೆ ವ್ಯಾಪಾರ ಕುದುರಿತು.

“ರೀ, ಅದೇ ಕೆರೆಯಲ್ಲಿ ಬುದ್ಧನ ವಿಗ್ರಹವೇ ಮುಳುಗಿತ್ತಂತಲ್ಲ!” ಎಂದಳು ನನ್ನಾಕೆ. ೧೯೯೦ರಲ್ಲಿ ವಿಗ್ರಹವನ್ನು ಹೊತ್ತ ತೆಪ್ಪ ಮಗುಚಿದ್ದೂ ನಿಜ, ೧೯೯೨ರಲ್ಲಿ ಅದನ್ನು ಮೇಲೆತ್ತಿ ಕೆರೆಯ ನಡುವೆ ನಿಲ್ಲಿಸಿದ್ದೂ ನಿಜ ಎಂದೆ. “ವಿಗ್ರಹ ಎದ್ದಿತು. ಜೊತೆಗೆ ಮುಳುಗಿದ ಮನುಷ್ಯರು ಎದ್ದರೇ?” ಎಂದು ಅವಳು ಒಳಗೆ ಹೋದಳು. ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ.

ಉತ್ತರವಿಲ್ಲದವನು ಬಣ್ಣದ ಡಬ್ಬಿ ತಂದ. ನಾಲ್ಕು ಭಾನುವಾರ ಉಜ್ಜಿ, ನಾಲ್ಕು ಭಾನುವಾರ ಬಳಿದು, ದೋಣಿಯನ್ನು ಮದುಮಗಳಂತೆ ಸಿಂಗರಿಸಿದೆ. ಒಂಬತ್ತು ವರ್ಷದ ಮಗಳು ತನ್ನ ಕೈಯಾರೆ ಅದರ ಅಂಚಿಗೆ ಬಿಳಿಯ ಗೆರೆ ಎಳೆದಳು. ಜುಲೈ ತಿಂಗಳ ಮೊದಲ ಭಾನುವಾರ ಅವಳನ್ನು ಕೂರಿಸಿಕೊಂಡು ನೀರಿಗಿಳಿಯುವುದೆಂದು ನಿಶ್ಚಯವಾಯಿತು. ನಮ್ಮ ಕೆರೆಯಲ್ಲಿ ಹಾಯಿಗೆ ಬೇಕಾದ ಗಾಳಿ ಬರುವುದು ಮುಂಗಾರಿನಲ್ಲಿ.

ಅಷ್ಟರಲ್ಲಿ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗಾಗಿ ಊರಿನಿಂದ ದೊಡ್ಡಪ್ಪ ಬಂದರು. ಅವರು ಗಂಗೊಳ್ಳಿಯವರು. ಹರೆಯದಲ್ಲಿ ಹೆಂಚು ಹೇರಿಕೊಂಡು ಮುಂಬಯಿಗೆ ಹೋಗುತ್ತಿದ್ದ ಹಾಯಿಹಡಗಿನಲ್ಲಿ ದುಡಿದವರು. ಶಸ್ತ್ರಚಿಕಿತ್ಸೆ ಮುಗಿದು ಪಟ್ಟಿ ಬಿಚ್ಚಿದ ಮೇಲೆ, ನನ್ನ ಕೈಕೆಲಸವನ್ನು ಮೆಚ್ಚಲಿ ಎಂದು ಅವರನ್ನು ಕೆರೆಯ ದಡಕ್ಕೆ ಕರೆದೊಯ್ದೆ.

ಅವರು ಬಣ್ಣವನ್ನು ನೋಡಲೇ ಇಲ್ಲ. ಬೆರಳಿನ ಗೆಣ್ಣಿನಿಂದ ದೋಣಿಯ ತಳವನ್ನು ಮೂತಿಯಿಂದ ಹಿಂಬದಿಯವರೆಗೆ ತಟ್ಟುತ್ತ ಹೋದರು. ಟಕ್, ಟಕ್ ಎಂದು ಬರುತ್ತಿದ್ದ ಸದ್ದು ನಡುಭಾಗದಲ್ಲಿ ದೊಪ್ ಎಂದಿತು. ದೋಣಿ ಗಾಳಿಗೆ ಪಕ್ಕಕ್ಕೆ ಜಾರದಂತೆ ನೀರಿಗಿಳಿಸುವ ಹಲಗೆಯೊಂದಿದೆ. ಅದು ಕೂರುವ ಗೂಡಿನ ಬುಡವೇ ಆ ಜಾಗ. ಸ್ಕ್ರೂಡ್ರೈವರಿನ ತುದಿಯನ್ನು ಒತ್ತಿದರೆ ನೆನೆದ ರೊಟ್ಟಿಗೆ ಚುಚ್ಚಿದಂತೆ ಒಳಗೆ ಹೋಯಿತು.

“ಬಣ್ಣ ಕಡಿಗೆ ಬಳ್ದ್ರೂ ಆತ್ತ್ ಮಗಾ, ಮೊದಲ್ ಮರ ಕಾಣ್,” ಎಂದರು.

ಆಮೇಲೆ ನನ್ನ ಕರವಸ್ತ್ರವನ್ನು ಕೇಳಿ ಪಡೆದರು. ಈ ದೋಣಿಯ ಕೂವೆಮರವನ್ನು ಎತ್ತಿ ನಿಲ್ಲಿಸುವುದು ಮೂರು ಉಕ್ಕಿನ ತಂತಿಗಳು. ಮುಂದೆ ಒಂದು, ಎಡಬಲಕ್ಕೆ ಒಂದೊಂದು. ಕರವಸ್ತ್ರವನ್ನು ತಂತಿಗೆ ಸುತ್ತಿ ಮೇಲಿನಿಂದ ಕೆಳಕ್ಕೆ ಎಳೆದರು. ಎಡಗಡೆಯ ತಂತಿಯಲ್ಲಿ, ಕೆಳಗಿನ ಬೆಸುಗೆಗೆ ಒಂದು ಅಂಗುಲ ಮೇಲೆ, ಬಟ್ಟೆ ಸಿಕ್ಕಿಕೊಂಡಿತು. ಹತ್ತೊಂಬತ್ತು ಎಳೆ ಹೊಸೆದ ತಂತಿಯಲ್ಲಿ ಮೂರು ಎಳೆ ತುಂಡಾಗಿದ್ದವು. ಬಲವಾದ ಗಾಳಿಯಲ್ಲಿ ಆ ತಂತಿ ಹರಿದಿದ್ದರೆ ಕೂವೆಮರ ದೋಣಿಯ ಮೇಲೆಯೇ ಬೀಳುತ್ತಿತ್ತು. ಅದರ ಕೆಳಗೆ ಕೂರಬೇಕಾಗಿದ್ದವಳು ಪಕ್ಕದಲ್ಲಿ ನಿಂತು, “ಅಜ್ಜ, ಕರವಸ್ತ್ರ ಯಾಕೆ ಹರಿಯಿತು?” ಎಂದು ಕೇಳುತ್ತಿದ್ದಳು. ತೇಲುವ ಅಂಗಿ ತೊಡಿಸಿದ್ದರೂ ಅದು ನೀರಿನಿಂದ ಕಾಪಾಡೀತೇ ಹೊರತು ಕೂವೆಮರದಿಂದಲ್ಲ. ಬಣ್ಣಕ್ಕೆ ೬,೦೦೦ ರೂಪಾಯಿ ಸುರಿದ ನಾನು ಆ ತಂತಿಯನ್ನು ಒಮ್ಮೆಯೂ ಮುಟ್ಟಿ ನೋಡಿರಲಿಲ್ಲ. ಅಂದು ರಾತ್ರಿ ನನಗೆ ಊಟ ಸೇರಲಿಲ್ಲ. ನಡೆದುದನ್ನು ನನ್ನಾಕೆಗೆ ಮುಚ್ಚಿಡಲಿಲ್ಲ. ಅವಳು ಬಹಳ ಹೊತ್ತು ಸುಮ್ಮನಿದ್ದು, “ಸರಿಯಾಗಿ ಮಾಡಿ, ಇಲ್ಲವೇ ಮಾರಿಬಿಡಿ,” ಎಂದಳು.

ಸರಿಯಾಗಿ ಮಾಡುವುದೆಂದೇ ಹೊರಟೆ. ಮೊದಲು ತಿಳಿದ ಸಂಗತಿಯೇ ಬೆರಗಿನದು. ಉಪ್ಪುನೀರಿಲ್ಲದ ಊರಿನಲ್ಲಿ ದೋಣಿ ಹೆಚ್ಚು ಬಾಳುತ್ತದೆಂದು ನಾನು ಎಣಿಸಿದ್ದೆ. ಲೋಹಕ್ಕೆ ಈ ಮಾತು ಸಲ್ಲುತ್ತದೆ, ಮರಕ್ಕೆ ಸಲ್ಲದು. ಮರವನ್ನು ಕೊಳೆಯಿಸುವ ಶಿಲೀಂಧ್ರಕ್ಕೆ ಸಿಹಿನೀರೇ ಹಿತ, ಉಪ್ಪು ಅಹಿತ. ಬಿಗಿಯಾಗಿ ಕಟ್ಟಿದ ಟಾರ್ಪಾಲಿನ್ನಿನ ಕೆಳಗೆ ಮಳೆನೀರು ನಿಂತು, ಗಾಳಿಯಾಡದೆ, ಬಿಸಿಲಿಗೆ ಬೆವೆತು ಮರ ಒಳಗೊಳಗೇ ಸತ್ತಿತ್ತು. ನಾನಾದರೋ ಅದರ ಮೇಲೆ ಬಣ್ಣ ಬಳಿದು ತೇವವನ್ನು ಒಳಗೇ ಬೀಗ ಹಾಕಿದ್ದೆ.

ದೋಣಿಯನ್ನು ತಗಡಿನ ಚಪ್ಪರದ ಕೆಳಕ್ಕೆ ತಂದು ಕವುಚಿ ಹಾಕಿದೆವು. ಕೊಳೆತದ್ದನ್ನು ಗಟ್ಟಿಮರ ಸಿಗುವತನಕ ಕತ್ತರಿಸಿ ತೆಗೆದೆವು. ಅಂಗೈಯಗಲವೆಂದು ಭಾವಿಸಿದ್ದು ಮೊರದಗಲವಾಯಿತು. ಒದ್ದೆ ಮರಕ್ಕೆ ಅಂಟು ಹಿಡಿಯದಾದ್ದರಿಂದ ಐದು ವಾರ ಒಣಗಲು ಬಿಟ್ಟೆವು. ರಾಣಿಗಂಜಿನಲ್ಲಿ ಐ.ಎಸ್. ೭೧೦ ಎಂಬ ಮುದ್ರೆಯುಳ್ಳ ಮೆರೈನ್ ಪ್ಲೈವುಡ್ ಕೊಂಡೆ. ಈ ಹಲಗೆಯ ಅಂಟು ೭೨ ಗಂಟೆ ಕುದಿಯುವ ನೀರಿನಲ್ಲಿಟ್ಟರೂ ಬಿಡಬಾರದೆಂಬುದು ನಿಯಮ. ಕಪಾಟು ಮಾಡುವ ಅಗ್ಗದ ಪ್ಲೈವುಡ್ ಇಲ್ಲಿ ನಡೆಯದು. ತೇಪೆಯ ಅಂಚನ್ನು ನೇರವಾಗಿ ಕೂಡಿಸಿದರೆ ಬಲವಿಲ್ಲ. ದಪ್ಪದ ಎಂಟು ಪಟ್ಟು ಅಗಲಕ್ಕೆ, ಅಂದರೆ ೬ ಮಿ.ಮೀ. ಹಲಗೆಗೆ ೪೮ ಮಿ.ಮೀ., ಎರಡೂ ಕಡೆ ಇಳಿಜಾರಾಗಿ ಹೆರೆದು ಒಂದರ ಮೇಲೊಂದು ಕೂರಿಸಬೇಕು. ಹೆರೆದವರು ದೊಡ್ಡಪ್ಪ, ಉಳಿ ಹಿಡಿದಾಗ ಅವರ ಕೈ ನಡುಗಲಿಲ್ಲ. ಅಂಟಿನ ಕೆಲಸ ನನ್ನದು. ಎಪಾಕ್ಸಿಯ ಎರಡು ದ್ರವಗಳನ್ನು ಅಳತೆ ತಪ್ಪದಂತೆ ಬೆರೆಸಬೇಕು. ಕೈಗವಸು ಬೇಕೇ ಬೇಕು. ಆಸೆಬಿದ್ದು ಒಂದೇ ಬಾರಿಗೆ ಲೋಟ ತುಂಬ ಬೆರೆಸಿದೆ. ಲೋಟ ಸುಡತೊಡಗಿ, ಹೊಗೆಯೆದ್ದು, ಕ್ಷಣಗಳಲ್ಲಿ ಕಲ್ಲಾಯಿತು. ಮುಂದೆ ಸ್ವಲ್ಪಸ್ವಲ್ಪವಾಗಿ, ಬೆಳಗಿನ ತಂಪಿನಲ್ಲಿ ಮಾಡಿದೆ.

ಮೂರು ತಂತಿಗಳನ್ನೂ ಹೊಸದಾಗಿ ಹಾಕಿಸಿದೆ. ಹಾಯಿಯ ಬಟ್ಟೆ ಗಟ್ಟಿಯಿದ್ದರೂ ಹೊಲಿಗೆಯ ದಾರ ಬಿಸಿಲಿಗೆ ಜೀರ್ಣವಾಗಿತ್ತು. ಟಾರ್ಪಾಲಿನ್ ಹೊಲಿಯುವವರಿಂದ ಪಾಲಿಯೆಸ್ಟರ್ ದಾರದಲ್ಲಿ ಹೊಲಿಸಿದೆ. ಬಣ್ಣ ಬಳಿದದ್ದು ಎಲ್ಲಕ್ಕಿಂತ ಕೊನೆಯಲ್ಲಿ. ಬಿಸಿಲು ತಾಗಿದರೆ ಎಪಾಕ್ಸಿಯೂ ಕೆಡುವುದರಿಂದ ಅದೂ ಅಗತ್ಯವೇ. ಗುಮಾಸ್ತನ ಅಭ್ಯಾಸದಂತೆ ಲೆಕ್ಕವಿಟ್ಟಿದ್ದೇನೆ: ದೋಣಿಯ ಬೆಲೆ ೨೮,೦೦೦, ದುರಸ್ತಿಗೆ ೩೧,೪೫೦. ಮೊದಲು ಬಳಿದ ಬಣ್ಣದ ೬,೦೦೦ ಇದರಲ್ಲಿ ಸೇರಿಲ್ಲ. ಅದನ್ನು ದಂಡ ಎಂಬ ಶಿರೋನಾಮೆಯಡಿ ಬೇರೆ ಬರೆದಿದ್ದೇನೆ.

ಆ ವರ್ಷದ ಗಾಳಿ ಕೈತಪ್ಪಿತು. ಮಗಳು ಒಂದು ವಾರ ನನ್ನೊಡನೆ ಮಾತು ಬಿಟ್ಟಳು. “ನಮ್ಮಲ್ಲಿ ಮಳೆಗಾಲ ಅಂದ್ರೆ ದೋಣಿಗೆ ರಜೆ,” ಎಂದು ದೊಡ್ಡಪ್ಪ ಅವಳನ್ನು ಸಮಾಧಾನಪಡಿಸಿದರು. ಕರಾವಳಿಯಲ್ಲಿ ಮಳೆ ಹಿಡಿಯುವ ಮೊದಲು ದೋಣಿಗಳನ್ನು ದಡಕ್ಕೆಳೆದು, ತೆಂಗಿನ ಮಡಲು ಹೊದಿಸಿ, ಬಿಡುವಿನಲ್ಲಿ ದುರಸ್ತಿ ಮಾಡುತ್ತಿದ್ದರಂತೆ. ನೂಲಹುಣ್ಣಿಮೆಗೆ ಸಮುದ್ರಪೂಜೆಯಾದ ಮೇಲೆಯೇ ಮತ್ತೆ ನೀರಿಗಿಳಿಯುವುದು. ಮಡಲಾದರೆ ಸಂದಿನಲ್ಲಿ ಗಾಳಿ ಆಡುತ್ತದೆ. ಈಗ ನಾನೂ ಟಾರ್ಪಾಲಿನ್ನನ್ನು ಬಿದಿರುಗಳುವಿನ ಮೇಲೆತ್ತಿ ಕಟ್ಟುತ್ತೇನೆ. ದೋಣಿಯ ಹಿಂದಿನ ಬಿರಡೆಯನ್ನೂ ಗಾಳಿಪೆಟ್ಟಿಗೆಗಳ ಮುಚ್ಚಳಗಳನ್ನೂ ತೆರೆದಿಡುತ್ತೇನೆ.

ಮರುವರ್ಷ ಜುಲೈಯಲ್ಲಿ ಮೊದಲು ನಾನೂ ಒಬ್ಬ ಸ್ನೇಹಿತರೂ ಮೂರು ಭಾನುವಾರ ಹೋಗಿಬಂದೆವು. ನಾಲ್ಕನೆಯ ಭಾನುವಾರ ಮಗಳ ಸರದಿ. ನನ್ನಾಕೆ ದಡದಲ್ಲಿ ನಿಂತಿದ್ದಳು. ದೋಣಿಗೆ ಬಾ ಎಂದರೆ ಒಲ್ಲೆ ಎಂದಳು, ಮನೆಗೆ ಹೋಗು ಎಂದರೂ ಒಲ್ಲೆ ಎಂದಳು. ನೀರಿಗೆ ನೂಕುವ ಮುನ್ನ ಮಗಳು ತನ್ನ ಕರವಸ್ತ್ರ ತೆಗೆದು ಮೂರು ತಂತಿಗಳನ್ನೂ ಒರೆಸಿ ನೋಡಿದಳು. ಬಟ್ಟೆ ಎಲ್ಲಿಯೂ ಸಿಕ್ಕಲಿಲ್ಲ.

ಅಂದು ಸಂಜೆ ಗಂಗೊಳ್ಳಿಗೆ ಫೋನ್ ಮಾಡಿದಾಗ ದೊಡ್ಡಪ್ಪ ಕೇಳಿದ್ದು ಒಂದೇ ಮಾತು: “ನೀರ್ ಎಷ್ಟ್ ಬಂತ್?” ಎರಡು ಚೊಂಬು ಎಂದೆ. ನಕ್ಕರು. ಆ ಎರಡು ಚೊಂಬು ನೀರು ಎಲ್ಲಿಂದ ಬರುತ್ತದೆಂಬುದನ್ನು ಹುಡುಕುವುದು ಮುಂದಿನ ಭಾನುವಾರದ ಕೆಲಸ.