ಹೆಸರಿಲ್ಲದ ಬಣ್ಣ

ಮನುಷ್ಯನ ಕಣ್ಣು ಎಂದೂ ಕಂಡಿರದ ಬಣ್ಣವೊಂದನ್ನು ಬೆಳ್ಳಿತೆರೆಯ ಮೇಲೆ ತೋರಿಸುವುದೆಂತು? ಅಮೆರಿಕದ ಕಥೆಗಾರ ಎಚ್. ಪಿ. ಲವ್‌ಕ್ರಾಫ್ಟ್ ತನ್ನ ತರುವಾಯ ಬಂದ ಚಲಚ್ಚಿತ್ರ ನಿರ್ದೇಶಕರ ಮುಂದೆ ಇರಿಸಿಹೋದ ಒಗಟು ಇದು. ಬಿಡಿಸಲು ಹೊರಟವರು ಹಲವರು, ಬಿಡಿಸಿದವರು ವಿರಳ.

1890ರಲ್ಲಿ ಪ್ರಾವಿಡೆನ್ಸ್ ನಗರದಲ್ಲಿ ಜನಿಸಿದ ಲವ್‌ಕ್ರಾಫ್ಟ್, 1937ರಲ್ಲಿ ಅದೇ ಊರಿನಲ್ಲಿ ಬಡತನದಲ್ಲಿಯೇ ಕಣ್ಣುಮುಚ್ಚಿದ. ಆಗ ಆತನಿಗೆ 46 ವರ್ಷ. ತಾನು ಬರೆದವುಗಳಲ್ಲಿ ಆತ ಬಹುವಾಗಿ ಮೆಚ್ಚಿಕೊಂಡ ಕಥೆ ‘ದಿ ಕಲರ್ ಔಟ್ ಆಫ್ ಸ್ಪೇಸ್’ 1927ರ ಸೆಪ್ಟೆಂಬರಿನಲ್ಲಿ ‘ಅಮೇಜಿಂಗ್ ಸ್ಟೋರೀಸ್’ ಪತ್ರಿಕೆಯಲ್ಲಿ ಬೆಳಕು ಕಂಡಿತು. ಅದಕ್ಕೆ ದೊರೆತ ಸಂಭಾವನೆ 25 ಡಾಲರು ಮಾತ್ರ.

ಕಥೆ ನಡೆಯುವುದು 1882ರಲ್ಲಿ. ಆರ್ಕಮ್ ಎಂಬ ಕಲ್ಪಿತ ಊರಿನ ಪಶ್ಚಿಮಕ್ಕಿರುವ ಬೆಟ್ಟಸೀಮೆಯಲ್ಲಿ ನೇಹಮ್ ಗಾರ್ಡ್ನರ್ ಎಂಬ ರೈತನ ಬಾವಿಯ ಬಳಿ ಉಲ್ಕಾಶಿಲೆಯೊಂದು ಬಂದು ಬೀಳುತ್ತದೆ. ವಿಶ್ವವಿದ್ಯಾನಿಲಯದ ಪಂಡಿತರು ಪರೀಕ್ಷೆಗೆಂದು ಒಯ್ದ ಅದರ ಚೂರು, ಇಟ್ಟ ಗಾಜಿನ ಪಾತ್ರೆಯೊಡನೆಯೇ ಮಾಯವಾಗುತ್ತದೆ. ಆ ವರ್ಷ ತೋಟದ ಹಣ್ಣುಗಳು ಹಿಂದೆಂದೂ ಕಾಣದ ಗಾತ್ರಕ್ಕೆ ಬೆಳೆದು ಮಿರುಗುತ್ತವೆ, ಬಾಯಿಗಿಟ್ಟರೆ ಕಹಿ. ಮರುವರ್ಷ ಗಿಡಮರಗಳು ಇರುಳಿನಲ್ಲಿ ಮಂದವಾಗಿ ಹೊಳೆಯತೊಡಗುತ್ತವೆ. ದನಕರುಗಳು ಬೂದಿಬಣ್ಣಕ್ಕೆ ತಿರುಗಿ ಉದುರಿಹೋಗುತ್ತವೆ. ಹೆಂಡತಿಗೆ ಚಿತ್ತಭ್ರಮೆಯಾಗುತ್ತದೆ, ಬಳಿಕ ಎರಡನೆಯ ಮಗನಿಗೂ. ಉಳಿದಿಬ್ಬರು ಮಕ್ಕಳು ಬಾವಿಯ ಪಾಲಾಗುತ್ತಾರೆ.

ನೆರೆಯ ಅಮ್ಮಿ ಪಿಯರ್ಸ್, ಈ ನೀರು ಕೆಟ್ಟಿದೆ, ಎತ್ತರದ ನೆಲದಲ್ಲಿ ಬೇರೆ ಬಾವಿ ತೋಡಿಸೆಂದು ಬುದ್ಧಿ ಹೇಳುತ್ತಾನೆ. ನೇಹಮ್ ಕಿವಿಗೊಡುವುದಿಲ್ಲ. ಅದೇ ನೀರನ್ನು ಸೇದಿ ಕುಡಿಯುತ್ತ, ದಿನದಿನಕ್ಕೆ ಕುಗ್ಗುತ್ತ ಹೋಗುತ್ತಾನೆ. ಕಥೆಯ ತಿರುಳಿರುವುದು ಇಲ್ಲಿ. ಇಲ್ಲಿ ಯಾರ ಪಾಪವೂ ಇಲ್ಲ, ಯಾರ ಶಾಪವೂ ಇಲ್ಲ. ಆಕಾಶದಿಂದ ಇಳಿದುಬಂದದ್ದಕ್ಕೆ ಮನುಷ್ಯನ ಮೇಲೆ ಹಗೆಯುಂಟೋ, ಇಲ್ಲವೋ, ಅದೂ ತಿಳಿಯದು. ಒಂದು ಸಂಸಾರ ಅಳಿಯಿತು. ಏಕೆಂದು ಹೇಳಬಲ್ಲವರು ಒಬ್ಬರೂ ಇಲ್ಲ.

ಇಂಥ ಕೃತಿಯನ್ನು ಆಧರಿಸಿದ ಚಿತ್ರವನ್ನು ತೂಗಿನೋಡಲು ಯಾವ ತಕ್ಕಡಿ? ಪಾತ್ರಗಳ ಹೆಸರು ಉಳಿದಿವೆಯೆ, ಊರು ಬದಲಾಯಿತೆ ಎಂದು ಲೆಕ್ಕ ಹಾಕುವುದು ಸುಲಭ. ಆದರೆ ಅದರಿಂದ ಪ್ರಯೋಜನವಿಲ್ಲ. ನಮ್ಮ ಅಲಂಕಾರಿಕರು ಭಯಾನಕ, ಅದ್ಭುತ, ಬೀಭತ್ಸಗಳನ್ನು ಬೇರೆ ಬೇರೆ ರಸಗಳೆಂದು ಎಣಿಸಿದ್ದಾರೆ. ಲವ್‌ಕ್ರಾಫ್ಟನ ಕಥೆಯಲ್ಲಿ ಭಯವು ವಿಸ್ಮಯದ ಕೈಹಿಡಿದು ಬರುತ್ತದೆ. ಚಿತ್ರದಲ್ಲಿ ಆ ಜೋಡಿ ಉಳಿಯಿತೆ, ಅಥವಾ ಎಲ್ಲವೂ ಜುಗುಪ್ಸೆಯಲ್ಲಿ ಕೊನೆಗೊಂಡಿತೆ ಎಂಬುದೇ ಕೇಳತಕ್ಕ ಪ್ರಶ್ನೆ.

1965ರಲ್ಲಿ ಡೇನಿಯಲ್ ಹ್ಯಾಲರ್ ನಿರ್ದೇಶಿಸಿದ ‘ಡೈ, ಮಾನ್‌ಸ್ಟರ್, ಡೈ!’ ಚಿತ್ರ ಕಥೆಯನ್ನು ಇಂಗ್ಲೆಂಡಿನ ಹಳೆಯ ಬಂಗಲೆಯೊಂದಕ್ಕೆ ಸಾಗಿಸಿತು. ರೈತ ನೇಹಮ್ ಅಲ್ಲಿ ಗಾಲಿಕುರ್ಚಿಯಲ್ಲಿ ಕುಳಿತ ಸಿರಿವಂತನಾದ. ಆ ಪಾತ್ರದಲ್ಲಿ ಬೋರಿಸ್ ಕಾರ್ಲಾಫನ ಧ್ವನಿ, ಗಾಂಭೀರ್ಯ ಮೆಚ್ಚತಕ್ಕವು. ಆದರೆ ಶಿಲೆಯ ಶಕ್ತಿಯನ್ನು ತನ್ನ ಇಚ್ಛೆಗೆ ಬಳಸಿಕೊಳ್ಳಹೊರಟ ಈ ಯಜಮಾನ ಕಡೆಗೆ ತಾನೇ ಹೊಳೆಯುವ ರಾಕ್ಷಸನಾಗಿ ನಾಶವಾಗುತ್ತಾನೆ. ಮಾಡಿದ್ದುಣ್ಣೋ ಮಹಾರಾಯ ಎಂಬ ಈ ನ್ಯಾಯ ಪ್ರೇಕ್ಷಕನಿಗೆ ಸಮಾಧಾನ ನೀಡುತ್ತದೆ. ಮೂಲಕಥೆ ನಿರಾಕರಿಸುವುದು ಆ ಸಮಾಧಾನವನ್ನೇ. ನಿರಪರಾಧಿ ರೈತನನ್ನು ತಪ್ಪಿತಸ್ಥನನ್ನಾಗಿ ಮಾಡಿದ ಕ್ಷಣದಲ್ಲಿಯೇ ಚಿತ್ರ ಸೋತಿತು.

2010ರ ಜರ್ಮನ್ ಚಿತ್ರ ‘ಡೀ ಫಾರ್ಬೆ’ ಹಿಡಿದ ಹಾದಿ ಬೇರೆ. ಹುವಾನ್ ವು ನಿರ್ದೇಶನದ ಈ ಚಿತ್ರ ಕಥೆಯನ್ನು ಜರ್ಮನಿಯ ಹಳ್ಳಿಗಾಡಿಗೆ ಒಯ್ದರೂ ಅದರ ಜೀವವನ್ನು ಕಳೆಯಲಿಲ್ಲ. ಚಿತ್ರವೆಲ್ಲ ಕಪ್ಪು ಬಿಳುಪು. ಆಕಾಶದಿಂದ ಬಂದ ಆ ಒಂದು ವಸ್ತುವಿಗೆ ಮಾತ್ರ ಬಣ್ಣ. ಬೇರೆ ಬಣ್ಣವೇ ಇಲ್ಲದ ಲೋಕದಲ್ಲಿ ಯಾವ ಬಣ್ಣ ಮೂಡಿದರೂ ಅದು ಪರಲೋಕದ್ದೇ! ಅಲ್ಪ ವೆಚ್ಚದಲ್ಲಿ ಇದಕ್ಕಿಂತ ಜಾಣತನದ ಉಪಾಯ ಹೊಳೆಯುವುದು ಕಷ್ಟ.

2019ರಲ್ಲಿ ಟೊರಾಂಟೊ ಚಿತ್ರೋತ್ಸವದಲ್ಲಿ ಮೊದಲು ಪ್ರದರ್ಶಿತವಾದ ರಿಚರ್ಡ್ ಸ್ಟ್ಯಾನ್ಲಿಯ ‘ಕಲರ್ ಔಟ್ ಆಫ್ ಸ್ಪೇಸ್’ ಆರಿಸಿಕೊಂಡದ್ದು ನೇರಿಳೆ ಬೆರೆತ ಕಡುಗುಲಾಬಿಯನ್ನು. ಈ ಆಯ್ಕೆಯಲ್ಲಿ ಒಂದು ಸ್ವಾರಸ್ಯವುಂಟು. ಕಾಮನಬಿಲ್ಲಿನಲ್ಲಿ ಈ ಬಣ್ಣಕ್ಕೆ ಸ್ಥಾನವಿಲ್ಲ. ಕೆಂಪು ಮತ್ತು ನೀಲಿ ಬೆಳಕುಗಳು ಹಸುರಿನ ನೆರವಿಲ್ಲದೆ ಒಟ್ಟಿಗೆ ಕಣ್ಣು ಸೇರಿದಾಗ ಮಿದುಳು ಅದನ್ನು ತಾನೇ ಕಟ್ಟಿಕೊಳ್ಳುತ್ತದೆ. ನಿಕೊಲಾಸ್ ಕೇಜ್ ವಹಿಸಿದ ತಂದೆಯ ಪಾತ್ರ, ಒಬ್ಬರಿಗೊಬ್ಬರು ಅಪರಿಚಿತರಾಗುತ್ತ ಹೋಗುವ ಮನೆಮಂದಿ, ಇವುಗಳಲ್ಲಿ ಮೂಲದ ಕರುಣೆ ಉಳಿದಿದೆ. ಆದರೆ ತಾಯಿ ಮತ್ತು ಕಿರಿಯ ಮಗ ಒಂದೇ ಮಾಂಸದ ಮುದ್ದೆಯಾಗುವ ದೃಶ್ಯ ದೀರ್ಘವಾಗುತ್ತ ಹೋದಂತೆ ವಿಸ್ಮಯ ಹಿಂದೆ ಸರಿದು ಬೀಭತ್ಸ ಮುಂದೆ ಬರುತ್ತದೆ. ಕೇಜನ ಅಬ್ಬರಕ್ಕೆ ಕೆಲವೆಡೆ ನಗುವೂ ಬಂದೀತು.

ಮೂರನ್ನೂ ತೂಗಿದರೆ ಮೊದಲ ಮನ್ನಣೆ ಜರ್ಮನ್ ಚಿತ್ರಕ್ಕೆ ಸಲ್ಲಬೇಕು. ಎಷ್ಟು ತೋರಿಸಬಾರದೆಂಬುದನ್ನು ಅದು ಅರಿತಿದೆ. ಸ್ಟ್ಯಾನ್ಲಿಯ ಚಿತ್ರಕ್ಕೆ ಎರಡನೆಯ ಸ್ಥಾನ. ಕಾರ್ಲಾಫನ ಚಿತ್ರವನ್ನು ಕಾರ್ಲಾಫನಿಗಾಗಿ ನೋಡಬಹುದು.

ಕಥೆಯ ಕೊನೆಯಲ್ಲಿ ಆ ಪಾಳುಭೂಮಿ ಜಲಾಶಯದಲ್ಲಿ ಮುಳುಗಲಿದೆ. ಬಾವಿಯ ಆಳದಲ್ಲಿ ಆ ಬಣ್ಣದ ಲೇಶ ಇನ್ನೂ ಉಳಿದಿರಬಹುದೆಂಬ ಅಳುಕಿನಿಂದ, ಮೋಜಣಿಗೆ ಬಂದವನು ಆ ನೀರನ್ನು ತಾನೆಂದಿಗೂ ಕುಡಿಯಲಾರೆನೆಂದುಕೊಳ್ಳುತ್ತಾನೆ. ಚಿತ್ರ ನೋಡಿ ಮನೆಗೆ ಬಂದ ಪ್ರೇಕ್ಷಕನೂ ಕೊಡದ ನೀರನ್ನು ಲೋಟಕ್ಕೆ ಬಗ್ಗಿಸುವಾಗ ಒಂದು ಕ್ಷಣ ತಡೆದನೆಂದರೆ, ನಿರ್ದೇಶಕ ಗೆದ್ದನೆಂದೇ ಹೇಳಬೇಕು.